ಇಪ್ಪತ್ತಡಿ ಹೆಮ್ಮೆ

ಕುಂದಲಹಳ್ಳಿಯಲ್ಲಿ ಲಕ್ಷ್ಮಯ್ಯನ ಮಗಳು ದಿವ್ಯಾ ಅಂದರೆ ಜನ ಮೂಗು ಮುರಿಯುತ್ತಿದ್ದರು. ‘ಯಾವಾಗ್ಲೂ ಕಂಪ್ಯೂಟರ್ ಮುಂದೆ ಕುಂತಿರ್ತಾಳಲ್ಲ, ಅವಳಾ?’ ಬಿ.ಸಿ.ಎ. ಮುಗಿಸಿ ಮೂರು ವರ್ಷವಾಗಿತ್ತು. ಎತ್ತ ಕಲ್ಲೆಸೆದರೂ ಒಂದು ಸಾಫ್ಟ್‌ವೇರ್ ಕಂಪನಿಯ ಗಾಜಿಗೆ ಬೀಳುವ ಊರಲ್ಲಿ ಕೆಲಸ ಸಿಗದೆ ಮನೆಯಲ್ಲಿರುವುದೆಂದರೆ ಸಣ್ಣ ಅವಮಾನವೇ? ಅಪ್ಪ ಕಟ್ಟಿಸಿದ ನಾಲ್ಕು ಮಹಡಿಯ ಪಿ.ಜಿ.ಯಲ್ಲಿ ಯಾರ ಗೀಸರ್ ಕೆಟ್ಟಿದೆ, ಯಾರಿಗೆ ಚಪಾತಿ ಬೇಕು, ಯಾರಿಗೆ ಅನ್ನ ಬೇಕು ಎಂದು ನೋಡಿಕೊಳ್ಳುತ್ತಿದ್ದವಳು ಅವಳೇ. ಅದನ್ನು ಕೆಲಸವೆಂದು ಯಾರೂ ಕರೆಯುತ್ತಿರಲಿಲ್ಲ, ಅಪ್ಪನಂತೂ ಇಲ್ಲವೇ ಇಲ್ಲ. ಮದುವೆ ಮನೆಯಲ್ಲಿ ಯಾರಾದರೂ ‘ಮಗಳು ಏನ್ ಮಾಡ್ತವ್ಳೆ’ ಎಂದು ಕೇಳಿದರೆ ಲಕ್ಷ್ಮಯ್ಯ ಮಾತನ್ನು ಕಾವೇರಿ ನೀರಿನ ಕಡೆಗೆ ತಿರುಗಿಸಿಬಿಡುತ್ತಿದ್ದ.

ಅವಳು ಕಂಪ್ಯೂಟರ್ ಮುಂದೆ ಕೂತು ಏನು ಮಾಡುತ್ತಿದ್ದಳು ಎಂದು ಮಾತ್ರ ಯಾರೂ ಕೇಳಲಿಲ್ಲ.

ಪಿ.ಜಿ.ಯ ಮೂರನೇ ಮಹಡಿಯ ಸಿದ್ಧಾರ್ಥ್ ಒಮ್ಮೆ ಕಂಪನಿ ಕೆಲಸದ ಮೇಲೆ ಅಮೆರಿಕಕ್ಕೆ ಹೋಗಿದ್ದವನು ಬರುವಾಗ ಒಂದು ದೊಡ್ಡ ಡಬ್ಬಿ ತಂದಿದ್ದ. ‘ಟೈಡ್‌ಲಾರ್ಡ್ಸ್’ ಎಂಬ ಆಟ. ಮೇಜಿನ ಮೇಲೆ ನಕ್ಷೆ ಹಾಸಿ, ಹಡಗು ನಡೆಸಿ, ಕಾರ್ಡು ಎಸೆದು ಆಡುವುದು. ಭಾನುವಾರ ಮಧ್ಯಾಹ್ನ ತಾರಸಿಯ ಮೇಲೆ ನಾಲ್ಕು ಜನ ಆಡಲು ಕೂರುತ್ತಿದ್ದರು, ದಿವ್ಯಾಳೂ ಅವರಲ್ಲೊಬ್ಬಳು. ಗಂಡುಹುಡುಗರ ಮಧ್ಯೆ ಮೊಮ್ಮಗಳು ಒಬ್ಬಳೇ ಕೂರಬಾರದೆಂದು ಅಜ್ಜಿ ಚಿಕ್ಕಮುನಿಯಮ್ಮ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕಾವಲು. ಆಟದಲ್ಲಿ ಎಂಟುನೂರು ಕಾರ್ಡು, ಒಂದೊಂದರ ಮೇಲೂ ಇರುವೆ ಗಾತ್ರದ ಅಕ್ಷರದಲ್ಲಿ ಒಂದೊಂದು ನಿಯಮ. ಅರ್ಧ ಹೊತ್ತು ಆಟ, ಅರ್ಧ ಹೊತ್ತು ಜಗಳ. ‘ಇದೇನ್ ಆಟ್ವೋ, ಪಂಚಾಯ್ತಿಯೋ’ ಎಂದು ಅಜ್ಜಿ ಬೈಯುತ್ತಿದ್ದಳು.

ಆ ಜಗಳ ತಪ್ಪಿಸಲೆಂದು ದಿವ್ಯಾ ಒಂದು ಆಪ್ ಮಾಡಿದಳು. ಕಾರ್ಡಿನ ನಂಬರ್ ಒತ್ತಿದರೆ ನಿಯಮ ಬರುತ್ತದೆ, ಯಾವ ಕಾರ್ಡು ಯಾವುದರ ಜೊತೆ ನಡೆಯುತ್ತದೆ ಎಂದು ಹೇಳುತ್ತದೆ, ಅಂಕವನ್ನೂ ಕೂಡಿಸುತ್ತದೆ. ‘ಬಂದರು’ ಎಂದು ಹೆಸರಿಟ್ಟಳು. ಎಲ್ಲರಿಗೂ ಪುಕ್ಕಟೆ.

ಆದರೂ ಇನ್ನೊಬ್ಬರ ಆಟ ಇದು, ಕೇಳದೆ ಮಾಡಿದರೆ ತಪ್ಪಾದೀತು ಎಂದು ಅವಳಿಗೆ ಅನ್ನಿಸಿತು. ಆಟದ ಕಂಪನಿಗೆ ಪತ್ರ ಬರೆದಳು. ಒಂದೂವರೆ ತಿಂಗಳ ಮೇಲೆ ಉತ್ತರ ಬಂತು. ಮಾಡಿಕೊಳ್ಳಿ, ಆದರೆ ನಮ್ಮ ಚಿತ್ರ ಹಾಕಬಾರದು, ನಮ್ಮ ಲೋಗೋ ಬಳಸಬಾರದು, ಇದರ ಹೆಸರಲ್ಲಿ ಯಾವ ವ್ಯಾಪಾರವೂ ನಡೆಯಬಾರದು, ಕಾರ್ಡಿನ ಮೇಲಿನ ಮಾತನ್ನು ಇದ್ದ ಹಾಗೆ ಎತ್ತಿಕೊಳ್ಳಬಾರದು. ಇದರಲ್ಲಿ ಯಾವುದನ್ನು ಮೀರಿದರೂ ಅನುಮತಿ ಅಂದೇ ರದ್ದು.

ಮಾತು ಎತ್ತಿಕೊಳ್ಳಬಾರದು ಅಂದರೆ ಎಂಟುನೂರು ನಿಯಮವನ್ನೂ ಸ್ವಂತ ಮಾತಲ್ಲಿ ಬರೆಯಬೇಕು. ಬರೆದಳು ಮಹಾರಾಯ್ತಿ! ಪಿ.ಜಿ.ಯ ಅಡುಗೆಮನೆ ತೊಳೆದಾದ ಮೇಲೆ, ಸಂಜೆಯ ಟೀಗೆ ಮುಂಚೆ, ದಿನಕ್ಕೆ ನಾಲ್ಕು ಐದು. ಅವಳ ಇಂಗ್ಲಿಷು ಅಷ್ಟಕ್ಕಷ್ಟೆ. ಅದಕ್ಕೇ ಸಣ್ಣ ಸಣ್ಣ ವಾಕ್ಯ, ಸುತ್ತುಬಳಸು ಇಲ್ಲ. ಆಪನ್ನು ಇಂಟರ್‌ನೆಟ್ಟಿಗೆ ಬಿಟ್ಟ ಮೇಲೆ ಪೋಲೆಂಡಿನ ಒಬ್ಬ ಮೇಷ್ಟ್ರು ‘ಕಂಪನಿಯವರ ಕಾರ್ಡಿಗಿಂತ ನಿಮ್ಮ ಮಾತೇ ನನಗೆ ಚೆನ್ನಾಗಿ ಅರ್ಥವಾಗುತ್ತದೆ, ನಮ್ಮ ಶಾಲೆಯ ಮಕ್ಕಳೂ ಇದನ್ನೇ ನೋಡುತ್ತಾರೆ’ ಎಂದು ಬರೆದ. ದಿವ್ಯಾ ಅದನ್ನು ಅಜ್ಜಿಗೆ ಎರಡು ಸಲ ಓದಿ ಹೇಳಿದಳು. ‘ಅಂಗಾದ್ರೆ ಮೇಷ್ಟ್ರಿಗೇ ಪಾಠ ಏಳ್ಕೊಟ್ಟೆ ಅನ್ನು’ ಎಂದು ಅಜ್ಜಿ ಹಲ್ಲಿಲ್ಲದ ಬಾಯಲ್ಲಿ ನಕ್ಕಳು. ದಿವ್ಯಾಳ ಜೀವನದಲ್ಲಿ ‘ಇದು ನನ್ನದು’ ಎಂದು ಹೇಳಿಕೊಳ್ಳುವಂಥದ್ದು ಅದೊಂದೇ ಇತ್ತು.

ಎರಡು ಸಾವಿರದ ಹದಿನೈದರ ಮಾರ್ಚಿನಲ್ಲಿ ‘ಬಂದರು’ ಬಳಸುವವರು ಒಂದು ಲಕ್ಷ ದಾಟಿದರು. ಬಾಡಿಗೆ ಕೊಡಲು ಬಂದ ಸಿದ್ಧಾರ್ಥ್ ಲಕ್ಷ್ಮಯ್ಯನಿಗೆ ಹೇಳಿಬಿಟ್ಟ. “ಅಂಕಲ್, ನಿಮ್ ಮಗಳು ಮಾಡಿರೋದನ್ನ ಲಕ್ಷ ಜನ ಯೂಸ್ ಮಾಡ್ತಿದಾರೆ, ಗೊತ್ತಾ? ಫಾರಿನ್‌ನೋರೆಲ್ಲ.”

“ಲಕ್ಷವಾ?” ಲಕ್ಷ್ಮಯ್ಯ ಕುರ್ಚಿಯಿಂದ ಎದ್ದೇಬಿಟ್ಟ.

ಮೂರನೇ ದಿನ ಬೆಳಿಗ್ಗೆ ಹಾಲಿಗೆ ಹೋದ ದಿವ್ಯಾ ಪಿ.ಜಿ.ಯ ಮುಂದೆ ನಿಂತುಬಿಟ್ಟಳು. ಎರಡನೇ ಮಹಡಿಯಿಂದ ಕೆಳಕ್ಕೆ ಇಳಿಬಿಟ್ಟ ಫ್ಲೆಕ್ಸು, ಇಪ್ಪತ್ತಡಿ. ನಡುವೆ ಚಿಕ್ಕಪ್ಪನ ಮಗನ ಮದುವೆಯಲ್ಲಿ ತೆಗೆದ ಅವಳ ಫೋಟೋ. ಕೆಳಗೆ ಕೈಮುಗಿದ ಅಪ್ಪ. ಮೂಲೆಯಲ್ಲಿ ದುಂಡಗೆ ವಾರ್ಡಿನ ಮುಖಂಡ. ‘ಜಗತ್ತೇ ಮೆಚ್ಚಿದ ಆಪ್ ನಿರ್ಮಿಸಿದ ನಮ್ಮೂರ ಹೆಮ್ಮೆಯ ಪುತ್ರಿ ಕುಮಾರಿ ದಿವ್ಯಾಗೆ ಹಾರ್ದಿಕ ಅಭಿನಂದನೆಗಳು.’ ಅವಳ ಹಿಂದೆ ಟೈಡ್‌ಲಾರ್ಡ್ಸ್ ಹಡಗು, ಮೇಲೆ ಕಂಪನಿಯ ಲೋಗೋ. ಫ್ಲೆಕ್ಸ್ ಅಂಗಡಿಯವನು ಇಂಟರ್‌ನೆಟ್ಟಿನಿಂದ ಇಳಿಸಿಕೊಂಡು ಚೆಂದಕ್ಕೆ ಅಂಟಿಸಿದ್ದ. ಅಡಿಯಲ್ಲಿ ಟೆಕ್ಕಿಗಳಿಗೆ ಅರ್ಥವಾಗಲೆಂದು ದಪ್ಪ ಇಂಗ್ಲಿಷಿನಲ್ಲಿ ಇನ್ನೊಂದು ಸಾಲು: ಲಕ್ಷ್ಮಯ್ಯ ಪಿ.ಜಿ. ಫಾರ್ ಜೆಂಟ್ಸ್, ವೈಫೈ, ಬಿಸಿನೀರು, ರೂಮ್ ಖಾಲಿ ಇದೆ, ಈ ಆಪ್ ತೋರಿಸಿದವರಿಗೆ ಅಡ್ವಾನ್ಸ್‌ನಲ್ಲಿ ರಿಯಾಯಿತಿ.

ದಿವ್ಯಾ ಕಂಪನಿಯ ಷರತ್ತುಗಳನ್ನು ಎಣಿಸಿದಳು. ಚಿತ್ರ, ಲೋಗೋ, ವ್ಯಾಪಾರ. ಒಂದೇ ಏಟಿಗೆ ಮೂರೂ ಹೋಗಿದ್ದವು. ‘ಅಪ್ಪಾ, ಇದನ್ನ ಇಳಿಸು’ ಎನ್ನಲು ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು ಫ್ಲೆಕ್ಸಿನ ಕೆಳಗೆ ನಿಂತಿದ್ದ ಲಕ್ಷ್ಮಯ್ಯ ಪಕ್ಕದ ಮನೆಯ ನೀಲಪ್ಪನ ತೋಳು ಹಿಡಿದು ಎಳೆದ. “ನೋಡ್ಲಾ ನೀಲಪ್ಪ, ನನ್ ಮಗಳು. ಲಕ್ಷ ಜನ. ಪೋಲಂಡೋ ಏನೋ, ಅಲ್ಲಿ ಮೇಷ್ಟ್ರುಗೋಳೆಲ್ಲ ಇವ್ಳನ್ನ ಕೇಳ್ಕೊಂಡೇ ಪಾಠ ಮಾಡೋದು!”

ನನ್ ಮಗಳು. ಹತ್ತು ಜನರ ಮುಂದೆ ಅಪ್ಪ ಹಾಗೆ ಹೇಳಿದ್ದನ್ನು ಅವಳು ಎಂದಾದರೂ ಕೇಳಿದ್ದಳೇ? ಸಂಜೆ ಹೇಳೋಣ ಅಂದುಕೊಂಡಳು. ಸಂಜೆ ಅಪ್ಪ ಮೈಸೂರು ಪಾಕು ತಂದು ಬೀದಿಗೆಲ್ಲ ಹಂಚುತ್ತಿದ್ದ. ಭಾನುವಾರದ ತನಕ ಇರಲಿ, ಅಮೆರಿಕದವರು ಕುಂದಲಹಳ್ಳಿಗೆ ಬಂದು ನೋಡುತ್ತಾರೆಯೇ ಎಂದು ತನ್ನನ್ನೇ ಸಮಾಧಾನ ಮಾಡಿಕೊಂಡಳು. ಪೆದ್ದಿ! ಬುದ್ಧಿಯಿದ್ದೂ ಪೆದ್ದಿ. ಆದರೆ ಆ ಮೂರು ದಿನದ ಸುಖವನ್ನು ಬಿಟ್ಟುಕೊಡಲು ಅವಳಿಗೆ ಮನಸ್ಸೇ ಬರಲಿಲ್ಲ.

ಅಮೆರಿಕದವರು ಬರಬೇಕಾಗಿರಲಿಲ್ಲ. ಸಿದ್ಧಾರ್ಥ್ ಫ್ಲೆಕ್ಸಿನ ಫೋಟೋ ತೆಗೆದು ಆ ಆಟ ಆಡುವವರ ಇಂಟರ್‌ನೆಟ್ ಕಟ್ಟೆಯಲ್ಲಿ ಹಾಕಿದ್ದ. ‘ನಮ್ಮ ಓನರ್ ನೋಡಿ’ ಎಂದು ಮೇಲೊಂದು ಸಾಲು. ಜಗತ್ತೆಲ್ಲ ಬಿದ್ದು ಬಿದ್ದು ನಕ್ಕಿತು. ಸೋಮವಾರ ಕಂಪನಿಯ ಪತ್ರ ಬಂತು. ಅನುಮತಿ ರದ್ದಾಗಿದೆ, ಶುಕ್ರವಾರ ಸಂಜೆ ಐದರೊಳಗೆ ಆಪ್ ತೆಗೆಯಿರಿ, ಕಾರ್ಡುಗಳಿಗೆ ಸಂಬಂಧಿಸಿದ ಬರಹವನ್ನೆಲ್ಲ ಅಳಿಸಿ ತಿಳಿಸಿ.

“ಬೇಜಾರ್ ಮಾಡ್ಕೋಬೇಡ ಕಣೇ, ತಮಾಷೆಗೆ ಹಾಕಿದ್ದು” ಎಂದ ಸಿದ್ಧಾರ್ಥ್. ಸ್ವಲ್ಪ ಹೊತ್ತು ಬಿಟ್ಟು, “ಡಿಲೀಟ್ ಮಾಡೋಕ್ ಮುಂಚೆ ನಂಗೊಂದು ಕಾಪಿ ಕಳ್ಸು, ಪ್ಲೀಸ್. ಭಾನುವಾರ ಆಡೋಕೆ ಬೇಕಾಗುತ್ತೆ” ಎಂದೂ ಸೇರಿಸಿದ. ದಿವ್ಯಾ ಅವನ ಮುಖ ನೋಡಿದಳು. ಅವನಿಗೆ ನಾಚಿಕೆಯೆಂಬುದೇ ಇರಲಿಲ್ಲ.

ಅವಳು ಕಂಪನಿಗೆ ಮತ್ತೆ ಬರೆದಳು. ನಮ್ಮಪ್ಪ ರಾಗಿ ಬೆಳೆಯುತ್ತಿದ್ದವರು, ಅವರಿಗೆ ಈ ನಿಯಮ ಗೊತ್ತಿರಲಿಲ್ಲ, ಫ್ಲೆಕ್ಸು ಇಳಿಸಿದ್ದೇವೆ, ಎಂಟುನೂರು ಕಾರ್ಡಿನ ಮಾತೂ ನನ್ನದೇ, ದಯವಿಟ್ಟು ಒಂದು ಅವಕಾಶ ಕೊಡಿ. ನಿಮ್ಮ ತಂದೆಯ ಕಥೆ ಓದಿ ನಮಗೆ ಸಂತೋಷವಾಯಿತು, ಆದರೆ ಒಬ್ಬರಿಗೆ ಬಿಟ್ಟರೆ ಎಲ್ಲರಿಗೂ ಬಿಡಬೇಕಾಗುತ್ತದೆ ಎಂದು ಉತ್ತರ ಬಂತು. ಸಂತೋಷವಾಯಿತಂತೆ!

ಸೋಮವಾರ ಫ್ಲೆಕ್ಸು ಇಳಿಸುವಾಗಲೇ ಲಕ್ಷ್ಮಯ್ಯ ಕೆಂಡವಾಗಿದ್ದ. “ಗೋಡೆ ನಮ್ದು, ಮಗಳು ನಮ್ಮೋಳು. ಅದ್ಯಾವನು ಇಳಸು ಅನ್ನೋಕೆ?”

“ಕಂಪನಿಯೋರು ಆಪನ್ನೇ ನಿಲ್ಸು ಅಂದವ್ರೆ ಅಪ್ಪ.” ದಿವ್ಯಾ ಅಷ್ಟೇ ಹೇಳಿದಳು. ನಿನ್ನಿಂದ ಆಯಿತು ಎಂದು ಹೇಳಲಿಲ್ಲ. ಮೈಸೂರು ಪಾಕು ಹಂಚಿದ ಮನುಷ್ಯನ ಮುಖಕ್ಕೆ ಹೊಡೆದಂತೆ ಹಾಗೆ ಹೇಗೆ ಹೇಳುವುದು?

“ಅವ್ರ್ಯಾಕೆ ನಿಲ್ಸು ಅಂತಾರೆ? ನೀನ್ ಮಾಡಿದ್ದಲ್ವಾ?”

“ಆಟ ಅವ್ರದು.”

ಲಕ್ಷ್ಮಯ್ಯ ಸುತ್ತಿಟ್ಟ ಫ್ಲೆಕ್ಸಿನ ಮೇಲೆ ಕೈಯಾಡಿಸಿದ. “ಅಂಗಾದ್ರೆ ಅದು ನಿಂದಲ್ಲ” ಎಂದು ಒಳಗೆ ಹೋದ.

ಶುಕ್ರವಾರ ನಾಲ್ಕೂವರೆಗೆ ದಿವ್ಯಾ ಬಂದರನ್ನು ತೆಗೆದಳು. ಎಂಟುನೂರು ನಿಯಮ ಅಳಿಸುವುದಕ್ಕೆ ಒಂದು ನಿಮಿಷವೂ ಹಿಡಿಯಲಿಲ್ಲ. ಸಿದ್ಧಾರ್ಥ್‌ಗೆ ಏನೂ ಕಳಿಸಲಿಲ್ಲ. ಕಂಪನಿಗೆ ‘ಅಳಿಸಿದ್ದೇನೆ’ ಎಂದು ಬರೆದು ಕೆಳಗಿಳಿದು ಬಂದಳು.

ಜಗಲಿಯಲ್ಲಿ ಅಪ್ಪ, ನೀಲಪ್ಪ, ಇನ್ನಿಬ್ಬರು ಕೂತಿದ್ದರು. “ಬೋರ್ಡು ಯಾಕಣ್ಣ ಇಳಿಸ್ಬುಟ್ಟೆ?” ಎಂದು ನೀಲಪ್ಪ ಕೇಳುತ್ತಿದ್ದ.

“ಏನ್ ಏಳ್ಲಿ ಬುಡು” ಎಂದ ಲಕ್ಷ್ಮಯ್ಯ. “ಯಾವ್ದೋ ಕಂಪನೀದು ಎತ್ಕೊಂಡು ನಂದು ಅಂತ ಆಕ್ಕೊಂಡವ್ಳೆ. ಅವ್ರು ಇಡ್ಕಂಡವ್ರೆ. ಮಾನ ಓಯ್ತು.”

ದಿವ್ಯಾಳ ಮೈಯೆಲ್ಲ ಉರಿದುಹೋಯಿತು. ಬಾಗಿಲಲ್ಲೇ ನಿಂತು, “ನಾನು ಯಾರ್ದೂ ಎತ್ಕೊಂಡಿಲ್ಲ ಅಪ್ಪ. ಒಂದೊಂದು ಮಾತೂ ನಾನೇ ಬರ್ದಿದ್ದು. ಅವ್ರು ಒಪ್ಪಿ ಪತ್ರ ಕೊಟ್ಟಿದ್ರು. ನೀನು ಫ್ಲೆಕ್ಸಲ್ಲಿ ಅವ್ರ ಚಿತ್ರ ಹಾಕ್ಸಿ ರೂಮ್ ಖಾಲಿ ಇದೆ ಅಂತ ಬರ್ಸಿದ್ಯಲ್ಲ, ಅದಕ್ಕೇ ಕಿತ್ಕೊಂಡ್ರು” ಎಂದಳು.

ಲಕ್ಷ್ಮಯ್ಯ ಅವಳನ್ನೇ ನೋಡಿದ. ಒಂದು ಕ್ಷಣ ಅವನಿಗೆ ಅರ್ಥವಾದಂತೆ ಕಂಡಿತು. ಆಮೇಲೆ ಮೂರೂ ಜನರ ಮುಖ ನೋಡಿ ಜೋರಾಗಿ ನಕ್ಕುಬಿಟ್ಟ. “ಕೇಳುದ್ರೇನ್ರಪ್ಪ! ಮಾಡ್ದೋಳು ಅವ್ಳು, ತಪ್ಪು ನಂದಂತೆ!”

ಎಲ್ಲರೂ ನಕ್ಕರು. ನೀಲಪ್ಪ ಕನಿಕರದಿಂದ, “ಓಗ್ಲಿ ಬುಡವ್ವ, ಚಿಕ್ಕೋಳು, ಗೊತ್ತಾಗ್ಲಿಲ್ಲ” ಎಂದ.

“ಅದೇ ಮತ್ತೆ” ಎಂದು ಲಕ್ಷ್ಮಯ್ಯ ತಲೆಯಾಡಿಸಿದ. “ಇವತ್ತೋ ನಾಳೆಯೋ ನೀರು ಬುಡ್ತಾರಂತೆ ಕಣಪ್ಪ, ಕಾವೇರಿದು. ನಿಮ್ ಕಡೆ ಪೈಪು ಆಕುದ್ರಾ?”