ಮೂರು ಪಾಯಿಂಟ್ ಮುಂದೆ, ಸಾಕ್ಸ್ ಬಾಕಿ

೧

ಈ ಕಥೆಯನ್ನು ಚೆಂಡಿನಿಂದ ಶುರು ಮಾಡಲೋ, ಸಾಕ್ಸಿನಿಂದಲೋ? ಚೆಂಡಿನಿಂದಾದರೆ ಬ್ಯಾಸ್ಕೆಟ್‌ಬಾಲ್ ಗೊತ್ತಿಲ್ಲದವರು ಪುಟ ಮಗುಚುತ್ತಾರೆ. ಸಾಕ್ಸಿನಿಂದಾದರೆ ಎಲ್ಲರೂ ಮೂಗು ಮುಚ್ಚಿಕೊಳ್ಳುತ್ತಾರೆ. (ಮುಚ್ಚಿಕೊಳ್ಳಿ ಓದುಗ ಮಹಾಶಯರೇ. ಸಾಕ್ಸೇ ಮೊದಲು.)

ಆಸ್ಪತ್ರೆಯ ಲಾಂಡ್ರಿಯ ಸೂಪರ್‌ವೈಸರನ್ನು ಎಲ್ಲರೂ ಅಕ್ಕ ಅನ್ನುತ್ತಾರೆ. ಲಾಂಡ್ರಿ ಹುಡುಗಿಯರ ತಂಡಕ್ಕೆ ಅವಳೇ ಕೋಚ್. ಪ್ರಾಕ್ಟೀಸಿನಲ್ಲಿ ಫೌಲ್ ಮಾಡಿದವಳು ಎಲ್ಲರ ಸಾಕ್ಸ್ ಒಗೆಯಬೇಕು ಎಂಬುದು ಅವಳ ಕಾನೂನು. ಪಕ್ಕದಲ್ಲೇ ದೊಡ್ಡ ದೊಡ್ಡ ಮೆಷಿನ್ನು ಗುಡುಗುತ್ತಿದ್ದರೂ ಕೈಯಲ್ಲೇ ಒಗೆಯಬೇಕು. ಹಾಗಾಗಿ ಅವಳ ಹುಡುಗಿಯರು ಎದುರಾಳಿಯನ್ನು ಮುಟ್ಟುವುದಕ್ಕೇ ಹೆದರುತ್ತಾರೆ.

ಇವತ್ತು ಫೈನಲ್. ಸೋತರೆ ತಂಡ ಬಂದ್ ಎಂದು ಆಸ್ಪತ್ರೆಯ ಮ್ಯಾನೇಜರ್ ಹೇಳಿಬಿಟ್ಟಿದ್ದಾನೆ. ದಿನವಿಡೀ ಹಬೆಯಲ್ಲಿ ಬೇಯುವ ಅಕ್ಕನಿಗೆ ಸಂಜೆಯ ಆ ಒಂದು ಗಂಟೆ ಆಟವೇ ಜೀವ.

೨

ಏಳು ಸೆಕೆಂಡ್ ಬಾಕಿ. ಲಾಂಡ್ರಿ ಮೂರು ಪಾಯಿಂಟ್ ಮುಂದೆ. ಚೆಂಡು ಎದುರಾಳಿ ಬ್ಯಾಂಕ್ ತಂಡದ್ದು. ಅವರ ಕ್ಯಾಷಿಯರ್ ದೂರದ ಗೆರೆಯಾಚೆಯಿಂದ ಎಸೆದು ಮೂರು ಪಾಯಿಂಟ್ ಗಳಿಸುವುದರಲ್ಲಿ ಪಳಗಿದವಳು.

ಮೊದಲ ಡ್ರಾಫ್ಟಿನಲ್ಲಿ ಅಕ್ಕ, "ಕೈ ಮೇಲೆತ್ತಿ ನಿಂತ್ಕೊಳ್ರೇ, ಸಾಕು" ಅಂದಳು. ಕ್ಯಾಷಿಯರ್ ಎಸೆದಳು, ಬಿತ್ತು, ಸ್ಕೋರ್ ಸಮವಾಯಿತು, ಹೆಚ್ಚುವರಿ ಆಟದಲ್ಲಿ ಲಾಂಡ್ರಿ ಸೋತಿತು. ಸೋಲು ಸಾಹಿತ್ಯಕ್ಕೆ ಒಳ್ಳೆಯದು ಎಂದು ನಾನು ಬೀಗುತ್ತಿದ್ದೆ.

"ಯಾವನಯ್ಯಾ ನೀನು?" ಅಕ್ಕ ಪುಟದೊಳಗಿಂದಲೇ ತಿರುಗಿ ನೋಡಿದಳು. "ನಿನ್ನ ಸಾಹಿತ್ಯಕ್ಕಿಷ್ಟು ಬೆಂಕಿ ಬೀಳ. ನೀನು ನಿಟ್ಟುಸಿರು ಬಿಡ್ಲಿ ಅಂತ ನಮ್ಮ ಹುಡುಗೀರು ಬೆವರು ಸುರಿಸಿದ್ದಾ? ಹರಿದುಹಾಕು."

ಹರಿದುಹಾಕಿದೆ. (ಹೆದರಿ ಅಲ್ಲ. ಸರಿ, ಹೆದರಿಯೇ.)

೩ (ಎರಡನೆಯದನ್ನು ಅರ್ಧ ಮರೆತುಬಿಡಿ)

ಟೈಮ್‌ಔಟ್. ಅಕ್ಕ ಹುಡುಗಿಯರನ್ನು ಸುತ್ತ ನಿಲ್ಲಿಸಿಕೊಂಡಳು.

"ಒಂದು ಕ್ವಾರ್ಟರಲ್ಲಿ ಮೊದಲ ನಾಲ್ಕು ಫೌಲಿಗೆ ಅವರಿಗೆ ಯಾರೂ ಅಡ್ಡ ಬರದೆ ಎಸೆಯೋ ಫ್ರೀ ಥ್ರೋ ಸಿಗಲ್ಲ. ಹೊರಗಿಂದ ಚೆಂಡು ಮತ್ತೆ ಒಳಗೆ ಹಾಕ್ತಾರೆ, ಅಷ್ಟೇ. ಅಷ್ಟರಲ್ಲಿ ಸೆಕೆಂಡ್ ಹೋಗಿರುತ್ತೆ. ಈ ಕ್ವಾರ್ಟರಲ್ಲಿ ನೀವೆಷ್ಟು ಫೌಲ್ ಮಾಡಿದೀರಿ?"

"ಒಂದೂ ಇಲ್ಲಕ್ಕಾ!" ಎಲ್ಲರೂ ಹೆಮ್ಮೆಯಿಂದ ಹೇಳಿದರು.

"ಹಾಗಾದ್ರೆ ನಾಲ್ಕೂ ನಮ್ಮ ಕೈಲೇ ಇದೆ. ಕಡ್ಡಿ, ಕ್ಯಾಷಿಯರ್ ಎಸೆಯೋಕೆ ಮುಂಚೆ ಚೆಂಡಿಗೆ ಕೈ ಹಾಕು. ಅವಳ ಕೈಗೆ ತಾಗಲಿ."

ಕಡ್ಡಿ ಎಂದರೆ ಬೆಡ್‌ಶೀಟ್ ಮಡಿಸುವ ಹುಡುಗಿ. "ಬೇಕಂತಲೇ ಫೌಲಾ? ನಂಗೆ ಕೈಯೇ ಬರಲ್ಲಕ್ಕಾ."

"ಬರುತ್ತೆ, ಹೋಗೇ."

ಬರಲಿಲ್ಲ. ಕ್ಯಾಷಿಯರ್ ಚೆಂಡು ಬಡಿಯುತ್ತ ನುಗ್ಗಿದಳು. ಕಡ್ಡಿ ಅಭ್ಯಾಸಬಲದಿಂದ ಕೈಗಳೆರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ಪಕ್ಕದಲ್ಲೇ ಓಡಿದಳು, ನೆಂಟರಿಗೆ ದಾರಿ ತೋರಿಸುವವಳ ಹಾಗೆ. ಅಕ್ಕ ಹಣೆ ಚಚ್ಚಿಕೊಂಡಳು. ಅಯ್ಯೋ, ತನ್ನ ಕಾನೂನೇ ತನಗೆ ಅಡ್ಡ ನಿಂತಿತಲ್ಲ!

ಕ್ಯಾಷಿಯರಳ ಶೂ ಲೇಸ್ ಬಿಚ್ಚಿಬಿಡೋಣ ಅಂತ ನಾನು ಪೆನ್ನು ಎತ್ತಿದೆ.

"ನೀನು ಸುಮ್ನಿರು!" ಎಂದು ನನ್ನನ್ನು ಗದರಿದ ಅಕ್ಕ, ಅಂಗಳದ ಅಂಚಿಗೆ ಬಂದು ಕಿರುಚಿದಳು: "ಸಾಕ್ಸ್ ನಾನು ಒಗೀತೀನಿ ಕಣೇ! ಎಲ್ಲರದ್ದೂ! ಹಾಕೇ ಕೈ!"

ಕಡ್ಡಿಯ ಕೈ ಬೆನ್ನ ಹಿಂದಿನಿಂದ ಹಾರಿ ಬಂತು. ಪಟ್! ಸೀಟಿ. ನಾಲ್ಕು ಸೆಕೆಂಡ್ ಬಾಕಿ.

ಆಮೇಲೆ ಹುಡುಗಿಯರನ್ನು ಹಿಡಿಯುವವರೇ ಇಲ್ಲ. "ಈ ಸಲ ನಂದು!" "ನೀನು ಪಕ್ಕಕ್ಕೆ ಸರಿಯೇ, ನಂದು!" ಎರಡನೆಯ ಫೌಲ್. ಮೂರನೆಯದು. ನಾಲ್ಕನೆಯದು. ಇಷ್ಟು ವರ್ಷ ಅದುಮಿಟ್ಟುಕೊಂಡ ಆಸೆಯೆಲ್ಲ ತೀರುತ್ತಿತ್ತು. ಪ್ರತಿ ಸೀಟಿಗೂ ಅಕ್ಕ ಚಪ್ಪಾಳೆ ತಟ್ಟಿದಳು, ಮಗಳು ಕ್ಲಾಸಿಗೇ ಫಸ್ಟ್ ಬಂದಂತೆ.

೪

ಒಂದೇ ಸೆಕೆಂಡ್ ಬಾಕಿ. ನಾಲ್ಕು ಫೌಲೂ ಮುಗಿದವು, ಇನ್ನು ಮುಟ್ಟುವಂತಿಲ್ಲ. ಕ್ಯಾಷಿಯರ್ ದೂರದಿಂದಲೇ ಎಸೆದಳು. ಚೆಂಡು ಗಾಳಿಯಲ್ಲಿ.

ಇಲ್ಲಿಗೇ ಬಿಟ್ಟರೆ ವಿಮರ್ಶಕರು ಭೇಷ್ ಅನ್ನುತ್ತಾರೆ. ಪೆನ್ನು ಕೆಳಗಿಟ್ಟೆ.

ಚೆಂಡು ನನ್ನ ಮಾತು ಕೇಳಬೇಕಲ್ಲ! ರಿಂಗಿಗೆ ಬಡಿಯಿತು, ಒಂದು ಸುತ್ತು ಸುತ್ತಿತು, ಹೊರಗೆ ಹಾರಿತು. ಗೆದ್ದರು! ಕಡ್ಡಿ ಅಕ್ಕನನ್ನು ಎತ್ತಲು ಹೋಗಿ ಇಬ್ಬರೂ ಬಿದ್ದರು. ಬಿದ್ದಲ್ಲೇ ಅಕ್ಕ ಅತ್ತಳು, ನಕ್ಕಳು, ಎಲ್ಲರಿಗೂ ಕೇಳುವಂತೆ ಕೂಗಿದಳು: "ನಾಳೆ ಸಂಜೆ ಪ್ರಾಕ್ಟೀಸ್ ಇದೆ ಕಣ್ರೇ!"

೫, ೬, ಅಥವಾ ಎಷ್ಟಾದರೂ

ಮುಕ್ತಾಯ ಬರೆಯಬೇಕೆಂದು ಕೂತೆ. ನನ್ನ ಮುಂದೆ ಒಂದು ಬಕೆಟ್ ಬಂತು.

"ನಾಲ್ಕು ಫೌಲಿಗೆ ನಾಲ್ಕು ಸಲ ಒಗೀಬೇಕು. ನಮ್ಮನ್ನ ಸೋಲಿಸೋಕೆ ಹೋಗಿದ್ಯಲ್ಲ, ಬಾ, ಹಿಂಡು," ಅಂದಳು ಅಕ್ಕ, ತೋಳೇರಿಸುತ್ತ.

"ಅಕ್ಕಾ, ಕಥೆ ಮುಗಿದಿಲ್ಲ..."

"ಸಾಕ್ಸೂ ಮುಗಿದಿಲ್ಲ."

ಕೈ ತುಂಬ ಸೋಪು. ಪೆನ್ನು ಜಾರುತ್ತಿದೆ. ಈಗಷ್ಟೇ ಮೊದಲನೆಯ ಸಲದ್ದು ಹಿಂಡಿ ಹರವಿದೆವು, ಅಕ್ಕ ಮತ್ತೆ ನಲ್ಲಿ ತಿರುಗಿಸುತ್ತಿದ್ದಾಳೆ.