ಪೆನ್ಸಿಲಪ್ಪನ ಮಗಳ ಫೋಟೋ

ಇಪ್ಪತ್ತಾರು ವರ್ಷ ಫೋಟೋ ಸ್ಟುಡಿಯೋದಲ್ಲಿ ಕೂತು ಜನರ ಮುಖದ ಕಲೆ ಅಳಿಸಿದ ಮನುಷ್ಯನಿಗೆ ಊರು ಇಟ್ಟ ಹೆಸರು ಪೆನ್ಸಿಲಪ್ಪ. ಗಾಜಿನ ನೆಗೆಟಿವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ನಿಲ್ಲಿಸಿ, ಸೂಜಿಯಷ್ಟು ಚೂಪು ಮಾಡಿದ ಪೆನ್ಸಿಲ್ ಸೀಸದಿಂದ ಚುಕ್ಕೆ ಚುಕ್ಕೆಯಾಗಿ ತುಂಬಿದನೆಂದರೆ ಸಿಡುಬಿನ ಕುಳಿ, ಮೊಡವೆ, ಕಣ್ಣಡಿಯ ಕಪ್ಪು ಎಲ್ಲ ಮಂಗಮಾಯ. ಅವನದೊಂದು ಪದ್ಧತಿಯಿತ್ತು. ನೆಗೆಟಿವನ್ನು ಯಾವಾಗಲೂ ತಲೆಕೆಳಗಾಗಿಯೇ ಇಡುತ್ತಿದ್ದ. ನೆಟ್ಟಗಿಟ್ಟರೆ ಮುಖ ಮಾತಾಡಿಸುತ್ತದೆ, ಕೈ ಅಳುಕುತ್ತದೆ. ತಲೆಕೆಳಗಾದರೆ ಕಣ್ಣಿಗೆ ಬರೀ ಕಲೆ ಬೀಳುತ್ತದೆ, ಕೆಲಸ ಸಾಗುತ್ತದೆ ಎನ್ನುತ್ತಿದ್ದ.

ಅವನ ಒಬ್ಬಳೇ ಮಗಳು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದಳು. ಮೂರು ವರ್ಷದವಳಿದ್ದಾಗ ಕುದಿಯುವ ನೀರು ಬಿದ್ದು ಎಡಗಿವಿಯಿಂದ ಗದ್ದದವರೆಗೆ ಸುಟ್ಟ ಗುರುತು ಉಳಿದಿತ್ತು. "ನನ್ನ ದನಿಗೇನೂ ಗಾಯ ಆಗಿಲ್ವಲ್ಲ" ಎಂದು ನಗುತ್ತಿದ್ದಳು. ಆದರೆ ಬೀದಿಗಿಳಿದರೆ ಎಡಗಡೆಯ ಕೂದಲನ್ನು ಮುಂದಕ್ಕೆ ಎಳೆದುಕೊಳ್ಳದೆ ಒಂದು ಹೆಜ್ಜೆ ಇಟ್ಟವಳಲ್ಲ.

ಆ ವರ್ಷ ಒಂದು ಪತ್ರಿಕೆಗೆ, ದೇಶಕ್ಕೊಬ್ಬ ಸುಂದರಿ ಬೇಕು ಎನಿಸಿಬಿಟ್ಟಿತು. ಅಲ್ಲಿಯವರೆಗೆ ದೇಶ ಹೇಗೋ ಕಾಲ ಹಾಕಿತ್ತು. ಹುಡುಗಿಯರು ಫೋಟೋ ಕಳಿಸಬೇಕು, ಓದುಗರು ಕೂಪನ್ ಕತ್ತರಿಸಿ ಓಟು ಹಾಕಬೇಕು, ಆರಿಸಿ ಬಂದ ಹನ್ನೆರಡು ಮಂದಿಯಲ್ಲಿ ಒಬ್ಬಳಿಗೆ ತೀರ್ಪುಗಾರರು ಕಿರೀಟ ಇಡುತ್ತಾರೆ. ಎಕ್ಸ್‌ಚೇಂಜಿನ ಗೆಳತಿಯರು ದುಂಬಾಲು ಬಿದ್ದರು. ಮಗಳು, ಅಪ್ಪ ಊಟಕ್ಕೆ ಹೋಗಿದ್ದ ಹೊತ್ತು ನೋಡಿ ಸ್ಟುಡಿಯೋಗೆ ಬಂದು, ಹಟ ಹಿಡಿದವಳಂತೆ ಕೂದಲನ್ನು ಹಿಂದಕ್ಕೆ ಬಿಗಿದು ಕಟ್ಟಿ ಫೋಟೋ ತೆಗೆಸಿಕೊಂಡಳು. "ತಿದ್ದಬಾರದು ಅಂತ ನಿಯಮ ಇದೆ. ಇದ್ದ ಹಾಗೇ ಕಳಿಸಿ" ಎಂದು ಮಾಲೀಕನಿಗೆ ಹೇಳಿಯೂ ಹೋದಳು. ಮಾಲೀಕ ಹೂಂಗುಟ್ಟಿದ, ಮರೆತ. ನೆಗೆಟಿವ್ ಎಂದಿನಂತೆ ಪೆನ್ಸಿಲಪ್ಪನ ಕಿಟಕಿಗೆ ಬಂತು, ಎಂದಿನಂತೆ ತಲೆಕೆಳಗಾಗಿ ನಿಂತಿತು. ಅವನು ಪಟ್ಟಾಗಿ ಕೂತು ಕಲೆ ತುಂಬಿ ಮುಗಿಸಿ, ತಿರುಗಿಸಿ ನೋಡಿದರೆ ಮಗಳು!

ಪತ್ರಿಕೆಯಲ್ಲಿ ಫೋಟೋ ಬಂದದ್ದು ಬೆಂಕಿಪೆಟ್ಟಿಗೆಯಷ್ಟು. ಗಾಯ ಕಾಣಲಿಲ್ಲವೆಂದು ಅವಳಿಗೆ ಅನುಮಾನವೇನೂ ಬರಲಿಲ್ಲ; ತನ್ನ ಮೂಗೇ ಸರಿಯಾಗಿ ಕಾಣುತ್ತಿರಲಿಲ್ಲ. ಕೆನ್ನೆಯ ಮೇಲೆ ಮಬ್ಬಾಗಿ ಕಂಡ ನೆರಳೇ ತನ್ನ ಗಾಯ, ಜನರಿಗೂ ಅದು ಕಂಡಿರುತ್ತದೆ ಎಂದು ನಂಬಿದಳು. ಓಟು ಬಂದದ್ದು ಏಳು ಸಾವಿರ; ಹನ್ನೆರಡು ಮಂದಿಯಲ್ಲಿ ಅವಳೂ ಒಬ್ಬಳಾದಳು. "ಏಳು ಸಾವಿರ ಜನ, ಅಪ್ಪ! ನೋಡಿಯೂ ಹಾಕಿದ್ದಾರೆ!" ಎಂದು ಕುಣಿದಳು. ಮರುದಿನದಿಂದ ಕೂದಲನ್ನು ಹಿಂದಕ್ಕೆ ಕಟ್ಟಿಕೊಂಡೇ ಬೀದಿಯಲ್ಲಿ ತಲೆಯೆತ್ತಿ ನಡೆದಳು. ಪೆನ್ಸಿಲಪ್ಪ ಆಗಲೇ ಹೇಳಬೇಕಿತ್ತು. ಪುಣ್ಯಾತ್ಮ ಬಾಯಿಗೆ ಬೀಗ ಹಾಕಿಕೊಂಡು ಕೂತ. ಆ ಮುಖ ನೋಡಿ ಹೇಳಲು ಯಾವ ಅಪ್ಪನಿಗೆ ನಾಲಿಗೆ ಹೊರಳುತ್ತದೆ?

ಆಯ್ಕೆ ನಡೆದದ್ದು ದೊಡ್ಡ ಊರಿನ ಒಂದು ನಾಟಕಶಾಲೆಯಲ್ಲಿ. ಒಬ್ಬ ಶಿಲ್ಪಿ, ಒಬ್ಬ ಚಿತ್ರಕಾರ, ಮತ್ತೆ ಆ ನಾಟಕಶಾಲೆಯ ಯಜಮಾನ, ಇವರು ತೀರ್ಪುಗಾರರು. ಹೆಣ್ಣುಮಕ್ಕಳ ಸೊಂಟ ಅಳೆಯಲು ಕೂತಿದ್ದ ಆ ಮೂವರಲ್ಲಿ ಒಬ್ಬನಿಗೂ ಬಗ್ಗಿ ನೋಡಿದರೆ ತನ್ನ ಕಾಲ್ಬೆರಳು ಕಾಣುವಂತಿರಲಿಲ್ಲ. ಹನ್ನೆರಡು ಹುಡುಗಿಯರು ಎದೆಗೆ ನಂಬರು ಚುಚ್ಚಿಕೊಂಡು ಸಾಲಾಗಿ ನಿಂತರು. ಗೋಡೆಯ ಬದಿಯ ಬೆಂಚಿನಲ್ಲಿ ಮನೆಯವರು, ಅವರ ನಡುವೆ ಪೆನ್ಸಿಲಪ್ಪ.

ಶಿಲ್ಪಿ ಒಂಬತ್ತನೆಯವಳ ಮುಂದೆ ನಿಂತ. ಕೈಯಲ್ಲಿದ್ದ ಫೋಟೋ ನೋಡಿದ, ಅವಳನ್ನು ನೋಡಿದ.

"ಈ ಹುಡುಗಿ ಎಲ್ಲಮ್ಮಾ?"

"ನಾನೇ ಸರ್."

"ಅಕ್ಕನ ಫೋಟೋ ಕಳಿಸಿದ್ದೀಯೇನು?"

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮಗಳು ಫೋಟೋ ಇಸಿದುಕೊಂಡು ನೋಡಿದಳು. ಪತ್ರಿಕೆಗೆ ಹೋದ ದೊಡ್ಡ ಪ್ರತಿಯನ್ನು ಅವಳು ನೋಡುತ್ತಿದ್ದುದು ಅದೇ ಮೊದಲು. ಸುಮ್ಮನಿದ್ದರೆ ಮಗಳು ಮೋಸಗಾತಿ, ನಿಜ ಹೇಳಿದರೆ ನಿಯಮ ಮುರಿದವಳು. ಅಡಕತ್ತರಿಯಲ್ಲಿ ಸಿಕ್ಕವನಿಗೆ ಯಾವ ಕಡೆ ವಾಲಿದರೇನು! ಆದರೂ ಪೆನ್ಸಿಲಪ್ಪ ಎದ್ದ.

"ಅವಳೇ ಸ್ವಾಮಿ, ನನ್ನ ಮಗಳೇ. ತಿದ್ದಿದ್ದು ನಾನು. ನಾನು ತಲೆಕೆಳಗಿಟ್ಟು ಕೆಲಸ ಮಾಡೋನು, ಯಾರ ಮುಖ ಅಂತ ಗೊತ್ತಾಗಲ್ಲ. ತಿರುಗಿಸಿದ ಮೇಲೇನೇ ಗೊತ್ತಾಗಿದ್ದು. ಅವಳದೇನೂ ತಪ್ಪಿಲ್ಲ. ಬರೀ ಸೀಸ ಅದು, ಟರ್ಪೆಂಟೈನ್ ಅದ್ದಿದ ಹತ್ತೀಲಿ ಒಂದು ಸಲ ಒರೆಸಿದ್ರೆ ಹೋಗಿಬಿಡುತ್ತೆ. ಬೇಕಾದ್ರೆ ಈಗಲೇ ಹೋಗಿ ಬೇರೆ ಪ್ರತಿ ತರ್ತೀನಿ."

"ಓಟು ಬಿದ್ದಿರೋದು ಇದಕ್ಕಲ್ಲವಾ?" ಎಂದು ಶಿಲ್ಪಿ ಫೋಟೋ ಮೇಲೆ ಬೆರಳಿನಿಂದ ತಟ್ಟಿದ. ಒರಟು ಮನುಷ್ಯನಲ್ಲ, ದನಿಯಲ್ಲಿ ಮರುಕವಿತ್ತು, ಅದೇ ಇನ್ನೂ ಕಷ್ಟವಾಯಿತು. ಸ್ಪರ್ಧೆಯ ಕಾರ್ಯದರ್ಶಿ ಬಂದು ಅವಳ ಎದೆಯ ನಂಬರನ್ನು ಪಿನ್ನು ಚುಚ್ಚದಂತೆ ಜೋಪಾನವಾಗಿ ಬಿಚ್ಚಿಕೊಂಡ. ಹುಷಾರಿಲ್ಲದೆ ಹಿಂದೆ ಸರಿದಳೆಂದು ಪತ್ರಿಕೆಯಲ್ಲಿ ಹಾಕುತ್ತೇವೆ, ಮಾನ ಹೋಗುವುದಿಲ್ಲ ಎಂದು ಸಮಾಧಾನವನ್ನೂ ಹೇಳಿದ.

ಹೊರಗೆ ಮಟಮಟ ಮಧ್ಯಾಹ್ನ. ಅಪ್ಪ ಮಗಳು ಮೆಟ್ಟಿಲ ಮೇಲೆ ಕೂತರು. ಕಿರೀಟ ಹೋದದ್ದಕ್ಕೆ ಅಳುತ್ತಾಳೆಂದು ಅವನು ಕಾದ. ಅವಳು ಅಳಲಿಲ್ಲ.

"ಗೊತ್ತಿಲ್ಲದೆ ತಿದ್ದಿದೆ, ಸರಿ ಅಪ್ಪ. ಒಂದು ಸಲ ಒರೆಸಿದ್ರೆ ಹೋಗ್ತಿತ್ತು ಅಂದ್ಯಲ್ಲ. ನಾನು ಅಂತ ಗೊತ್ತಾದ್ಮೇಲೆ ಯಾಕೆ ಒರೆಸ್ಲಿಲ್ಲ?"

ಪೆನ್ಸಿಲಪ್ಪ ಸುಳ್ಳಿಗಾಗಿ ತಡಕಾಡಿದ. ಮಾಲೀಕ ಅವಸರ ಮಾಡಿದ ಅನ್ನಬಹುದಿತ್ತು, ಹತ್ತಿ ಇರಲಿಲ್ಲ ಅನ್ನಬಹುದಿತ್ತು. ಹಾಳು ಬಾಯಿಗೆ ಬಂದದ್ದು ನಿಜವೇ.

"ಚೆನ್ನಾಗಿ ಕಾಣ್ತಿದ್ದೆ ಮಗಳೇ."

ಅವಳು ಹೂಂ ಎಂದು ತಲೆಯಾಡಿಸಿದಳು.

"ಹಾಗಾದ್ರೆ ನೀನೂ ಆ ಫೋಟೋದವಳಿಗೇ ಓಟು ಹಾಕ್ದೆ ಅನ್ನು."