ಸದ್ದಾಗದ ಅಭ್ಯಾಸ

ಮತ್ತೆ ಬರೀ ಗಾಳಿ.

ಅವಳು ಕೊಳಲು ಇಳಿಸಿ ತುಟಿ ಒರೆಸಿಕೊಂಡಳು. ಮೊದಲ ದಿನ ತಾನೇ, ಪರವಾಗಿಲ್ಲ ಎಂದುಕೊಂಡಳು. ಆದರೆ ಇದು ಮೊದಲ ದಿನ ಹೇಗಾದೀತು? ಅಭ್ಯಾಸ ಶುರುವಾಗಿ ತಿಂಗಳುಗಳೇ ಆಗಿದ್ದವು.

ಕಾಲೇಜಿನಲ್ಲಿ ಪ್ರತಿವರ್ಷ ಟೈಮ್‌ಟೇಬಲ್ ಹಾಕುವವಳು ಅವಳೇ. ಯಾರಿಗೂ ಎರಡು ಕ್ಲಾಸು ಒಟ್ಟಿಗೆ ಬೀಳದಂತೆ, ಯಾರೂ ಗೊಣಗದಂತೆ. ಅಂಥವಳಿಗೆ, ಮಗಳು ಹುಟ್ಟಿದಾಗ ಪೆಟ್ಟಿಗೆ ಸೇರಿದ ಕೊಳಲನ್ನು ಮತ್ತೆ ಹೊರತೆಗೆಯುವುದೇನು ಮಹಾ? ಬೆಳಿಗ್ಗೆ ದೀರ್ಘ ಸ್ವರಗಳು, ಸಂಜೆ ಬೆರಳಿನ ಸಾಧಕ, ರಜೆಯ ದಿನ ಹಳೆಯದೊಂದು ರಾಗ. ಯೋಜನೆಯೇನೋ ಅಚ್ಚುಕಟ್ಟಾಗಿಯೇ ಇತ್ತು. ಆದರೆ ಮುದ್ರಣಾಲಯದ ರಾತ್ರಿಪಾಳಿ ಮುಗಿಸಿ ಬರುವ ಗಂಡ ಬೆಳಗಿನ ಹೊತ್ತು ಕುಂಭಕರ್ಣ. ಸಂಜೆ ಮಗಳ ಓದು. ಅದು ಮುಗಿಯಿತೆಂದರೆ ಪಕ್ಕದ ಮನೆಯ ಕೂಸು ಮಲಗುವ ಹೊತ್ತು.

ಅದಕ್ಕೂ ಅವಳೇ ಉಪಾಯ ಕಂಡುಕೊಂಡಳು: ಊದದೆ ನುಡಿಸುವುದು. ಕೊಳಲನ್ನು ಗಲ್ಲಕ್ಕೆ ಆನಿಸಿ ಬೆರಳಾಡಿಸುವುದು, ಸ್ವರ ಮನಸ್ಸಿನಲ್ಲೇ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

"ಇಂಥಾ ಸಂಗೀತ ಆದ್ರೆ ಜೀವನಪೂರ್ತಿ ನುಡಿಸು, ನನ್ನದೇನೂ ತಕರಾರಿಲ್ಲ," ಎಂದು ಗಂಡ ನಕ್ಕಿದ್ದ. ಅವಳೂ ನಕ್ಕಿದ್ದಳು. ಆ ನಗು ನೆನೆದರೆ ಈಗ ತನ್ನ ಮೇಲೇ ಸಿಟ್ಟು ಬರುತ್ತಿತ್ತು.

ಇವತ್ತು ಗಂಡ, ಮಗಳು ನಾದಿನಿಯ ಮನೆಗೆ ಹೋಗಿದ್ದರು. ಪಕ್ಕದ ಮನೆಗೆ ಬೀಗ. ಮನೆಯಲ್ಲಿದ್ದವರು ಮಾವ ಒಬ್ಬರೇ; ಅವರಿಗೋ ಸಿಡಿಲು ಬಡಿದರೂ ಕೇಳಿಸದು. ಇಂಥ ದಿನಕ್ಕಾಗಿಯೇ ಕಾದಿದ್ದಳು. ಇವತ್ತೂ ಸ್ವರ ಹೊರಡದಿದ್ದರೆ ತನ್ನದೆಂದು ಹೇಳಿಕೊಳ್ಳಲು ಏನೂ ಉಳಿಯದು ಎಂಬ ಭಯ ಎದೆಯಲ್ಲಿತ್ತು.

ಮತ್ತೆ ಊದಿದಳು. ತುಟಿ ಬಿಗಿಮಾಡಿದಳು, ಸಡಿಲಿಸಿದಳು, ಕೊಳಲನ್ನು ಹೊರಳಿಸಿದಳು. ಬೆರಳುಗಳು ಒಂದಿಷ್ಟೂ ತಪ್ಪದೆ ಓಡಿದವು. ಬೆರಳು ಕಲಿತದ್ದನ್ನೆಲ್ಲ ತುಟಿ ಮರೆತಿತ್ತು. ತಲೆ ಸುತ್ತಿ ಕುಳಿತುಬಿಟ್ಟಳು.

ಫೋನ್ ಬಂತು. ಗಂಡ.

"ಶುರು ಮಾಡಿದ್ಯಾ?"

"ಹ್ಞೂಂ."

"ಹೇಗ್ ಬರ್ತಿದೆ?"

"ಬರ್ತಿದೆ."

"ಒಂಚೂರು ಕೇಳ್ಸು ಮತ್ತೆ."

"ಮನೆಗೆ ಬನ್ನಿ, ಕೇಳಿಸ್ತೀನಿ."

"ಬಂದ್ಮೇಲೆ ನಾನು ಮಲಗ್ಬೇಕಲ್ಲ!"

ಹಾಳಾದ್ದು, ಈಗಲೂ ನಕ್ಕಳು.

ಫೋನ್ ಇಟ್ಟು ತಿರುಗಿದರೆ ಮಾವ ಎದುರಿನ ಕುರ್ಚಿಯಲ್ಲಿದ್ದರು. ಯಾವಾಗ ಬಂದು ಕೂತರೋ.

"ಯಾಕಮ್ಮ ನಿಲ್ಲಿಸ್ದೆ? ಬೆರಳು ನೋಡಿದ್ರೇನೇ ಗೊತ್ತಾಯ್ತು. ಈ ಮನೆಗೆ ಬಂದ ಹೊಸದ್ರಲ್ಲಿ ನುಡಿಸ್ತಿದ್ಯಲ್ಲ, ಅದೇ ತಾನೇ?"

ಅದೇ ರಾಗ. ಗಂಡನಿಗೇ ಅದು ನೆನಪಿರಲಿಲ್ಲ.

"ಸ್ವರ ಬರ್ತಿಲ್ಲ ಮಾವ," ಎಂದಳು. ಅವರ ಕಿವಿಯ ಹತ್ತಿರ ಹೋಗಿ ಕೂಗಿದಳು: "ನನಗೆ ಬರ್ತಾನೇ ಇಲ್ಲ!"

"ಹೌದು ಹೌದು, ಮೊದಲಿಗಿಂತ ಚೆನ್ನಾಗೇ ಬರ್ತಿದೆ. ನುಡಿಸು, ನುಡಿಸು."

ಅವಳು ಕೊಳಲನ್ನು ಗಲ್ಲಕ್ಕೆ ಆನಿಸಿಕೊಂಡಳು. ಊದುವ ಗೋಜಿಗೇ ಹೋಗಲಿಲ್ಲ. ಬೆರಳುಗಳು ಹೊರಟವು. ಮಾವ ತಲೆದೂಗಿದರು, ಕುರ್ಚಿಯ ಕೈಗೆ ಮೆಲ್ಲನೆ ತಾಳ ಹಾಕುತ್ತ ಕಣ್ಣು ಮುಚ್ಚಿದರು.

ಅವಳು ಬೆರಳು ನಿಲ್ಲಿಸಿ ನೋಡಿದಳು.

ತಾಳ ನಿಲ್ಲಲಿಲ್ಲ.